ಅವಳ ಖಾನೆಯಲ್ಲಿ ನಾನು ಹಾಕಿದ ಸಹಿ

ಆ ಮಧ್ಯಾಹ್ನ ನಾನು ಕಂಡದ್ದು ಏನೆಂದು ಇವತ್ತಿಗೂ ಖಚಿತವಾಗಿ ಹೇಳಲಾರೆ. ಮಾಡಿದ್ದು ಏನೆಂದು ಮಾತ್ರ ಹೇಳಬಲ್ಲೆ.

ಶಿಡ್ಲಘಟ್ಟದ ಹೊರವಲಯದಲ್ಲಿರುವ ಒಂದು ಖಾಸಗಿ ಬಿತ್ತನೆ ಕೋಠಿಯಲ್ಲಿ ನನ್ನ ಕೆಲಸ. ರೈತರಿಗೆ ಬೇಕಾದ ರೇಷ್ಮೆ ಮೊಟ್ಟೆ ತಯಾರಾಗುವ ಜಾಗ ಅದು. ಬೆಳಿಗ್ಗೆ ಗೂಡು ಒಡೆದು ಚಿಟ್ಟೆಗಳು ಹೊರಗೆ ಬರುತ್ತವೆ. ಜೋಡಿಯಾದ ಮೇಲೆ ಹೆಣ್ಣುಗಳನ್ನು ಬಿಡಿಸಿ ಒಂದು ಹಾಳೆಯ ಮೇಲೆ ಇಪ್ಪತ್ತರಂತೆ ಕೂರಿಸಿ, ಒಂದೊಂದರ ಮೇಲೂ ಕಪ್ಪು ಪ್ಲಾಸ್ಟಿಕ್ ಬಟ್ಟಲು ಕವುಚುತ್ತೇವೆ. ಕತ್ತಲೆಯಲ್ಲಿ ಅವು ಮೊಟ್ಟೆಯಿಡುತ್ತವೆ. ಮಾರನೆಯ ದಿನ ಆ ಇಪ್ಪತ್ತು ತಾಯಿಚಿಟ್ಟೆಗಳನ್ನು ಒಟ್ಟಿಗೆ ಕ್ಷಾರದ ನೀರಿನಲ್ಲಿ ಅರೆದು, ಸೋಸಿ, ತಳದಲ್ಲಿ ಕೂತ ಗಸಿಯಿಂದ ಒಂದು ತೊಟ್ಟು ಗಾಜಿನ ಪಟ್ಟಿಗೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹುಡುಕುವುದು ಒಂದನ್ನೇ: ಗಂಟು ರೋಗದ ಕಣ. ಅಕ್ಕಿಕಾಳಿನ ಆಕಾರ, ಒಳಗೆ ನೀಲಿಹಸಿರಿನ ಮಿಂಚು. ತಾಯಿಯಲ್ಲಿ ಅದು ಇದ್ದರೆ ಮೊಟ್ಟೆಯೊಳಗೂ ಇರುತ್ತದೆ, ಮೊಟ್ಟೆಯಿಂದ ಹುಳುವಿಗೆ, ಒಂದು ಹುಳುವಿನಿಂದ ಇಡೀ ಮನೆಗೆ ಹರಡುತ್ತದೆ. ಔಷಧಿ ಇಲ್ಲ. ಸುಡುವುದೊಂದೇ ದಾರಿ.

ಒಂದು ಪಟ್ಟಿಯಲ್ಲಿ ಐದು ಜಾಗ ನೋಡಬೇಕು. ನಾನು ನೋಡಿದ ಮೇಲೆ ನನ್ನ ಜೊತೆಗಾತಿ ಅದನ್ನೇ ಇನ್ನೊಮ್ಮೆ ನೋಡಬೇಕು. ರಿಜಿಸ್ಟರಿನಲ್ಲಿ ಎರಡು ಖಾನೆ, ಇಬ್ಬರ ಸಹಿ. ಒಂದು ಹಾಳೆಯಲ್ಲಿ ರೋಗ ಕಂಡರೆ ಆ ಹಾಳೆ ಬೆಂಕಿಗೆ ಹೋಗುತ್ತದೆ, ಅದೇ ಲಾಟಿನ, ಎಂದರೆ ಅದೇ ದಿನ ತಯಾರಾದ, ಉಳಿದ ಹಾಳೆಗಳೆಲ್ಲ ಮರುಪರೀಕ್ಷೆಗೆ ಬರುತ್ತವೆ.

ಜೊತೆಗಾತಿ ನನಗಿಂತ ಹದಿನೈದು ವರ್ಷ ಚಿಕ್ಕವಳು, ಅಲೀಪುರದಿಂದ ಶಿಡ್ಲಘಟ್ಟಕ್ಕೆ ಸೊಸೆಯಾಗಿ ಬಂದವಳು. ಅವು ಮೊಹರಂ ದಿನಗಳು. ತವರಿನಲ್ಲಿ ನಡೆಯುವ ಶೋಕಸಭೆಗಳಿಗೆಂದು ಅವಳು ಕೆಲವು ದಿನ ಪೂರ್ತಿ, ಕೆಲವು ದಿನ ಮಧ್ಯಾಹ್ನದ ಮೇಲೆ ಹೋಗುತ್ತಿದ್ದಳು. ಅವಳು ಇಲ್ಲದಾಗ ಪಟ್ಟಿಗಳನ್ನು ಒದ್ದೆ ಬಟ್ಟೆಯ ಕೆಳಗೆ ಇಟ್ಟು ಮಾರನೆಯ ದಿನಕ್ಕೆ ಉಳಿಸಿಕೊಳ್ಳಬೇಕೆಂಬುದು ನಿಯಮ.

ಆ ದಿನ ಅವಳು ಮಧ್ಯಾಹ್ನವೇ ಹೋಗಿದ್ದಳು. ಮೂರೂವರೆ ಗಂಟೆಯ ಹೊತ್ತಿಗೆ, ಹನ್ನೊಂದನೆಯ ಹಾಳೆಯ ಪಟ್ಟಿ. ಮೂರನೆಯ ಜಾಗದಲ್ಲಿ ಅಂಚಿಗೆ ಒಂದು ಮಿಂಚು ಕಂಡಿತು. ಗುಂಡಗಲ್ಲ, ಉದ್ದವಾಗಿತ್ತು. ಸೂಕ್ಷ್ಮದರ್ಶಕದ ತಿರುಪನ್ನು ಒಂಚೂರು ತಿರುಗಿಸಿದೆ, ಮಾಯವಾಯಿತು. ಹಿಂದಕ್ಕೆ ತಿರುಗಿಸಿದೆ. ಇಲ್ಲ. ಕೊಬ್ಬಿನ ಹನಿಯೂ ಹಾಗೆ ಹೊಳೆಯುವುದುಂಟು. ಕಣ್ಣು ಉಜ್ಜಿಕೊಂಡು ಮತ್ತೆ ಮತ್ತೆ ನೋಡಿದೆ. ಬಲಗಣ್ಣಿನ ಮುಂದೆ ಮಂಜು ಕವಿದಂತಿತ್ತು.

ಆ ಮಂಜು ಅವತ್ತಿನದಲ್ಲ. ಐದಾರು ತಿಂಗಳಿಂದ ಇತ್ತು. ದೀಪ ನೋಡಿದರೆ ಸುತ್ತ ಬಳೆ ಕಾಣಿಸುತ್ತಿತ್ತು. ನಾನು ಯಾರಿಗೂ ಹೇಳಿರಲಿಲ್ಲ. ಕಣ್ಣೇ ನನ್ನ ಕೆಲಸ. ಕಣ್ಣು ಸರಿಯಿಲ್ಲವೆಂದರೆ ಆ ಸ್ಟೂಲಿನ ಮೇಲೆ ನನಗೆ ಜಾಗವಿಲ್ಲ.

ಹೊಸದಾಗಿ ಇನ್ನೊಂದು ತೊಟ್ಟು ತೆಗೆದು ನೋಡಬೇಕಿತ್ತು. ಇಲ್ಲವೇ ಕೋಠಿಯ ಯಜಮಾನರನ್ನು ಕರೆದು, "ಸಾರ್, ಏನೋ ಕಾಣ್ತು, ಮತ್ತೆ ಸಿಗ್ತಿಲ್ಲ" ಅನ್ನಬೇಕಿತ್ತು. ಆಗ ಅವರು, ಯಾಕೆ ಸಿಗ್ತಿಲ್ಲ ಎಂದು ಕೇಳುತ್ತಿದ್ದರು. ನಾನು ಮೊದಲ ಖಾನೆಯಲ್ಲಿ 'ಇಲ್ಲ' ಎಂದು ಬರೆದು ಸಹಿ ಹಾಕಿದೆ. ಪಟ್ಟಿಯನ್ನು ಒದ್ದೆ ಬಟ್ಟೆಯ ಕೆಳಗೆ ಇಡಲು ಕೈ ಎತ್ತಿದವಳು, ತೊಳೆಯುವ ಬೋಗುಣಿಗೆ ಬಿಟ್ಟೆ. ಒಂದೇ ಕಾಣೆಯಾದರೆ ಗೊತ್ತಾಗುತ್ತದೆಂದು ಅವತ್ತಿನ ಉಳಿದ ಪಟ್ಟಿಗಳನ್ನೂ ಬಿಟ್ಟೆ. ಆಮೇಲೆ ಎರಡನೆಯ ಖಾನೆಯಲ್ಲಿ ಜೊತೆಗಾತಿ ಹಾಕುವ ಹಾಗೆಯೇ, ಬಾಲ ಎಳೆದ ಆ ಒಂದು ಅಕ್ಷರವನ್ನು ಹಾಳೆಗೊಂದರಂತೆ ಹಾಕುತ್ತ ಹೋದೆ. ಒಂದು ಅಕ್ಷರವೂ ತಪ್ಪಲಿಲ್ಲ. ಆಮೇಲೆ ಯೋಚಿಸಿದಾಗ ನನ್ನನ್ನು ಹೆದರಿಸಿದ್ದು ಅದೇ.

ಸಂಜೆ ಐದರ ಬಸ್ಸಿಗೆ ಚಿಕ್ಕಬಳ್ಳಾಪುರಕ್ಕೆ, ಮನೆಗೆ ಬಂದೆ. ಅರೆದ ಚಿಟ್ಟೆಗಳ ಗಸಿ ಗುಂಡಿಗೆ ಹೋಯಿತು. ತೋರಿಸಲು ಏನೂ ಉಳಿಯಲಿಲ್ಲ.

ಮೂರೂವರೆ ವಾರ ಏನೂ ಆಗಲಿಲ್ಲ. ಆ ಲಾಟಿನ ಹಾಳೆಗಳಲ್ಲಿ ಅರ್ಧ ಕೂಡಲೇ ಹೋದವು, ಉಳಿದರ್ಧ ತಂಪು ಕೋಣೆಯಲ್ಲಿದ್ದು ಒಂದು ವಾರ ತಡವಾಗಿ ಹೋದವು. ಒಟ್ಟು ಐದು ಮನೆಗೆ. ಯಾರಿಗೆ ಯಾವ ಲಾಟು ಎಂದು ಬರೆದುಕೊಳ್ಳುತ್ತೇವೆ, ಯಾರಿಗೆ ಎಷ್ಟನೆಯ ಹಾಳೆ ಎಂದು ಬರೆದುಕೊಳ್ಳುವುದಿಲ್ಲ.

ಒಂದು ಗುರುವಾರ ಬೆಳಿಗ್ಗೆ ಶಿಡ್ಲಘಟ್ಟದ ಹತ್ತಿರದ ಹಳ್ಳಿಯ ಒಬ್ಬ ಹೆಣ್ಣುಮಗಳು ಪ್ಲಾಸ್ಟಿಕ್ ಡಬ್ಬದಲ್ಲಿ ಹುಳು ಹಿಡಿದು ಬಂದಳು. ನಮ್ಮಲ್ಲಿ ವರ್ಷಗಳಿಂದ ಮೊಟ್ಟೆ ಒಯ್ಯುವವಳು, ಗಂಡನಿಗಿಂತ ಅವಳೇ ಹುಳುವಿನ ಕೆಲಸ ಬಲ್ಲವಳು. ಡಬ್ಬದಲ್ಲಿ ಒಂದು ಹುಳು ಬೆರಳುದ್ದ, ಪಕ್ಕದ್ದು ಅದರ ಅರ್ಧ. ಚಿಕ್ಕವುಗಳ ಮೈಮೇಲೆ ಮೆಣಸಿನ ಪುಡಿ ಉದುರಿಸಿದ ಹಾಗೆ ಕರಿ ಚುಕ್ಕಿ.

"ಒಂದು ಜ್ವರಕ್ಕೆ ಕೂತೈತೆ, ಇನ್ನೊಂದು ಸೊಪ್ಪು ತಿಂತೈತೆ, ಇನ್ನೊಂದು ಸುಮ್ನೆ ಬಿದ್ದೈತೆ. ಅಯ್ಯೋ ದೇವುಡಾ, ಇದೇನ್ ಬೆಳೆ ಸಾರ್?" ಎಂದಳು ಯಜಮಾನರಿಗೆ. ಜ್ವರ ಎಂದರೆ ಹುಳು ಪೊರೆ ಬಿಡುವ ಮೊದಲಿನ ನಿದ್ದೆ. ಒಂದೇ ದಿನ ಹುಟ್ಟಿದ ಹುಳುಗಳು ಒಂದೇ ದಿನ ಜ್ವರಕ್ಕೆ ಕೂರಬೇಕು.

ಜೊತೆಗಾತಿ ಎರಡು ಹುಳು ಅರೆದು ನೋಡಿದಳು. ಅವಳು ಕಣ್ಣು ಎತ್ತುವ ಮೊದಲೇ ನನಗೆ ಗೊತ್ತಾಯಿತು. "ಐತೆ ಸಾರ್. ತುಂಬ ಐತೆ," ಎಂದಳು.

ಹೆಣ್ಣುಮಗಳು ಹೋದ ಮೇಲೆ ಯಜಮಾನರು ರಿಜಿಸ್ಟರ್ ತೆಗೆದರು. ಆ ಲಾಟಿನ ಪುಟದ ಮೇಲೆ ಬೆರಳಿಟ್ಟು ನಮ್ಮಿಬ್ಬರನ್ನೂ ನೋಡಿದರು. "ಇಬ್ರೂ ನೋಡಿದೀರಾ. ಇಬ್ರೂ ಇಲ್ಲ ಅಂತ ಬರ್ದಿದೀರಾ. ಮೊದ್ಲು ನೋಡೋರು ತಪ್ಪಿಸ್ತಾರೆ ಅಂತಾನೇ ಅಲ್ವೇನಮ್ಮ ಎರಡನೇ ಸಲ ನೋಡೋದು?"

ಪ್ರಶ್ನೆ ಅವಳಿಗೆ. ಅವಳು ತನ್ನದೆಂದುಕೊಂಡ ಆ ಅಕ್ಷರವನ್ನು ಬಹಳ ಹೊತ್ತು ನೋಡಿದಳು. "ಮೊಹರಂ ಟೈಮು ಸಾರ್. ಅರ್ಧ ದಿನ ಬರ್ತಿದ್ದೆ, ಹೋಗ್ತಿದ್ದೆ. ಯಾವ ದಿನ ಏನು ನೋಡ್ದೆ ಅಂತ ನೆನಪಿಲ್ಲ. ಉಪವಾಸ, ತಲೆನೋವು... ನಾನೇ ನೋಡಿರ್ಬೇಕು. ನಾನೇ ಬಿಟ್ಟಿರ್ಬೇಕು." ಅಳತೊಡಗಿದಳು.

ನಾನು ಅಲ್ಲೇ ಇದ್ದೆ. ಕೈಯಲ್ಲಿ ಗಾಜಿನ ಪಟ್ಟಿಗಳ ಪೆಟ್ಟಿಗೆ ಇತ್ತು. ಅದನ್ನು ಕಪಾಟಿನಲ್ಲಿಟ್ಟು ಕೆಲಸಕ್ಕೆ ಹೋದೆ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವಳೇ ನನ್ನನ್ನು ಸಮಾಧಾನ ಮಾಡಿದಳು. "ನೀವ್ ಯಾಕ್ ಸಪ್ಪಗಿದೀರಾ ಅಕ್ಕಾ? ನಿಮ್ದೇನ್ ತಪ್ಪು? ಮೊದಲ್ನೇ ಸಲ ಯಾರಿಗಾದ್ರೂ ತಪ್ಪುತ್ತೆ."

ಮುಂದಿನ ಮೂರು ದಿನ ನನ್ನ ತಲೆಯಲ್ಲಿ ನಡೆದದ್ದನ್ನು ಸರಿಯಾಗಿ ಜೋಡಿಸಿ ಹೇಳುವುದು ಕಷ್ಟ. ಗಂಟು ರೋಗ ಮೊಟ್ಟೆಯಿಂದಲೇ ಬರಬೇಕೆಂದಿಲ್ಲ. ಹಿಂದಿನ ಬೆಳೆಯಲ್ಲಿ ಇದ್ದು, ಮನೆ ಸರಿಯಾಗಿ ತೊಳೆಯದಿದ್ದರೆ ತಟ್ಟೆಯಿಂದಲೂ ಬರುತ್ತದೆ, ಸೊಪ್ಪಿನಿಂದಲೂ ಬರುತ್ತದೆ. ನಾನು ಕಂಡದ್ದು ಕೊಬ್ಬಿನ ಹನಿಯೇ ಆಗಿದ್ದರೆ? ಆಗ ನಾನು ಅರಿಕೆ ಮಾಡುವುದು ಯಾವುದನ್ನು? ಸುಳ್ಳು ಸಹಿಯನ್ನು ಹೇಳಿ ಮಿಂಚನ್ನು ಬಿಡಲೇ? ಮಿಂಚನ್ನು ಹೇಳಿದರೆ, ಕಾಣದೇ ಇದ್ದದ್ದನ್ನು ಕಂಡೆನೆಂದು ಹೇಳಿ ಇನ್ನೊಂದು ಸುಳ್ಳು ಸೇರಿಸಿದಂತಾಗುವುದಿಲ್ಲವೇ? ಕಣ್ಣಿನ ವಿಷಯ ಹೇಳದೆ ಇವೆರಡನ್ನೂ ಹೇಳಬಹುದೇ? ಪ್ರತಿ ಸಲ ಲೆಕ್ಕ ಹಾಕಿದಾಗಲೂ ಒಂದೊಂದು ತುಂಡು ನನಗೇ ಉಳಿಯುತ್ತಿತ್ತು. ಇಷ್ಟೆಲ್ಲ ಯೋಚಿಸುತ್ತಿದ್ದುದೇ ಹೇಳದಿರಲು ಒಂದು ನೆಪವೋ ಎಂದೂ ಅನುಮಾನ ಬಂತು.

ಭಾನುವಾರ ನಮ್ಮ ಚರ್ಚಿನಲ್ಲಿ ಎಲ್ಲರೂ ಮೊಣಕಾಲೂರಿ ಪಾಪದ ಅರಿಕೆಯನ್ನು ಒಟ್ಟಿಗೆ ಹೇಳಿದೆವು. ಚಿಕ್ಕಂದಿನಿಂದ ಬಾಯಿಪಾಠವಾದ ಮಾತು. ಅದರಲ್ಲಿ 'ನಾವು' ಎಂದಿದೆ. ಆ 'ನಾವು' ಎಂಬುದರೊಳಗೆ ನನ್ನದು ಎಷ್ಟು ಸಲೀಸಾಗಿ ಅಡಗಿಕೊಂಡಿತೆಂದರೆ, ಎದ್ದು ನಿಂತಾಗ ಒಂದು ಕ್ಷಣ ಎಲ್ಲ ಮುಗಿದೇಹೋಯಿತು ಎನ್ನಿಸಿತು.

ಆರಾಧನೆ ಮುಗಿದ ಮೇಲೆ ಅಯ್ಯನವರನ್ನು, ನಮ್ಮ ಸಭೆಯ ಪಾದ್ರಿಯನ್ನು, ಉಡುಪು ಬದಲಿಸುವ ಕೋಣೆಯಲ್ಲಿ ಕಂಡೆ. ನನಗಿಂತ ವಯಸ್ಸಿನಲ್ಲಿ ಚಿಕ್ಕವರು, ಮೆದು ಮಾತಿನವರು. ನಿಂತಲ್ಲೇ ಎಲ್ಲ ಹೇಳಿದೆ. ಅವರು ಕುರ್ಚಿ ಎಳೆದು ಕೂತರು.

"ನಿಮ್ಮಿಂದ್ಲೇ ಆಯ್ತು ಅಂತ ಖಂಡಿತ ಗೊತ್ತಾಮ್ಮ?"

"ಇಲ್ಲ ಅಯ್ಯಾ."

"ಸಹಿ ಹಾಕಿದ್ದು?"

"ಅದು ಖಂಡಿತ."

"ಆ ಇನ್ನೊಬ್ರಿಗೆ ಗೊತ್ತಾ?"

"ಇಲ್ಲ. ಅವಳು ತನ್ನದೇ ಅಂದ್ಕೊಂಡಿದಾಳೆ."

ಅವರು ಹಣೆ ಉಜ್ಜಿಕೊಂಡರು. ಆಮೇಲೆ, "ಮಿಕ್ಕಿದ್ದೆಲ್ಲ ಹೇಗೆ ಹೇಳ್ಬೇಕು, ಯಾರಿಗೆ ಎಷ್ಟು ಹೇಳ್ಬೇಕು, ನಂಗೂ ಗೊತ್ತಾಗ್ತಿಲ್ಲಮ್ಮ. ಬನ್ನಿ, ಪ್ರಾರ್ಥನೆ ಮಾಡಣ," ಎಂದು ಕಣ್ಣು ಮುಚ್ಚಿದರು.

"ಈಗ ಬೇಡ ಅಯ್ಯಾ," ಎಂದೆ. ನನ್ನ ಬಾಯಿಂದ ಆ ಮಾತು ಬಂದದ್ದು ನನಗೇ ಆಶ್ಚರ್ಯ. "ಈಗ ನೀವು ಪ್ರಾರ್ಥನೆ ಮಾಡಿದ್ರೆ ನಂಗೆ ಹಗುರ ಆಗ್ಬಿಡುತ್ತೆ. ಹಗುರ ಆದ್ರೆ ನಾನು ಹೇಳಲ್ಲ."

ಅವರು ಕಣ್ಣು ತೆರೆದು ನನ್ನನ್ನು ನೋಡಿದರು. "ಸರಿ. ಹೇಳಿ ಬನ್ನಿ. ಆಮೇಲೆ ಮಾಡಣ," ಎಂದರು.

ಸೋಮವಾರ ಬೆಳಿಗ್ಗೆ ಕೋಠಿಗೆ ಬೇಗ ಹೋದೆ. ಜೊತೆಗಾತಿ ಕ್ಷಾರದ ನೀರು ಕದಡುತ್ತಿದ್ದಳು. ಯಜಮಾನರಿಗಿಂತ ಮೊದಲು ಅವಳಿಗೆ ಹೇಳಬೇಕೆಂದು ಬಸ್ಸಿನಲ್ಲಿ ನಿರ್ಧರಿಸಿದ್ದೆ. ಎಲ್ಲವನ್ನೂ ಹೇಳಿದೆ. ಸಹಿ, ಮಿಂಚು, ಕಣ್ಣು.

ಅವಳು ಕದಡುವುದನ್ನು ನಿಲ್ಲಿಸಲಿಲ್ಲ. ಕೇಳಿಸಿತೋ ಇಲ್ಲವೋ ಎಂದುಕೊಂಡೆ. ಆಮೇಲೆ ಕಡ್ಡಿಯನ್ನು ತಟ್ಟೆಗೆ ಬಡಿದಿಟ್ಟಳು.

"ನಾಲ್ಕು ದಿನದಿಂದ ನನ್ ಕಣ್ಣನ್ನ ನಾನೇ ಬೈಕೊಂಡಿದೀನಿ. ನಮ್ಮ ಅತ್ತೆ ಹತ್ರ ಹೇಳ್ಕೊಂಡು ಅತ್ತಿದೀನಿ. ನಿಮ್ ಎದುರಿಗೆ ಅತ್ತಿದೀನಿ ಅಕ್ಕಾ. ನೀವು ಸುಮ್ನೆ ಅನ್ನ ಕಲಸ್ಕೊಂಡು ತಿಂತಾ ಇದ್ರಿ."

"ಹೌದು ಕಣಮ್ಮ."

"ಹೌದು ಅನ್ಬೇಡಿ. ಏನಾದ್ರೂ ಬೇರೆ ಹೇಳಿ."

ನಾನು ಆ ಕಡ್ಡಿ ಎತ್ತಿಕೊಂಡು ಕದಡತೊಡಗಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಒಮ್ಮೆಲೇ ಇನ್ನೊಂದನ್ನು ಕೇಳಿದಳು: "ತಡವಾಗಿ ಹೋದ ಹಾಳೆಗಳು ಈಗ ಯಾವ ಜ್ವರದಲ್ಲಿರ್ತವೆ?"

ನಾನು ನನ್ನ ಆತ್ಮದ ಲೆಕ್ಕದಲ್ಲೇ ಮುಳುಗಿ ಇದನ್ನು ಯೋಚಿಸಿಯೇ ಇರಲಿಲ್ಲ. ಉಳಿದ ನಾಲ್ಕು ಮನೆಗಳಲ್ಲಿ ಮೂರರ ಹುಳು ಇನ್ನೂ ಎರಡನೆಯ ಜ್ವರದ ಆಸುಪಾಸಿನಲ್ಲಿರಬೇಕು. ನೋಡುವುದಕ್ಕೆ ಎಲ್ಲ ಚೆನ್ನಾಗೇ ಕಾಣುತ್ತದೆ. ಈಗಲೇ ಪರೀಕ್ಷಿಸಿದರೆ, ರೋಗವಿದ್ದ ಮನೆಯವರು ಹುಳು ತೆಗೆದು, ಮನೆ ತೊಳೆದು, ಸೊಪ್ಪು ಉಳಿಸಿಕೊಂಡು ಹೊಸ ಮೊಟ್ಟೆ ತರಬಹುದು. ಅಕ್ಕಪಕ್ಕದ ಮನೆಗಳಿಗೆ ಹಬ್ಬುವುದೂ ತಪ್ಪುತ್ತದೆ. ನನ್ನ ಮೂರು ದಿನದ ಗೊಂದಲ ಅವರ ಮೂರು ದಿನಗಳನ್ನು ತಿಂದಿತ್ತು.

ಯಜಮಾನರು ಬಂದ ಮೇಲೆ ಅವರಿಗೂ ಎಲ್ಲ ಹೇಳಿ, ಆ ಮನೆಗಳಿಗೆ ಹೋಗಿ ಹುಳು ನೋಡಬೇಕೆಂದೆ. ಅವರು ಕೆಂಪಾದರು. "ಇಪ್ಪತ್ ವರ್ಷ ನಿಮ್ಮನ್ನ ನಂಬಿದೀನಿ. ಚರ್ಚಿಗೆ ಹೋಗೋರು, ಸುಳ್ಳು ಹೇಳಲ್ಲ ಅಂತ ಮೊದ್ಲ ಖಾನೆ ನಿಮಗೇ ಕೊಟ್ಟಿದೀನಿ." ಆಮೇಲೆ ಧ್ವನಿ ಇಳಿಸಿ, "ಈಗ ಯಾರಿಗೂ ಹೇಳ್ಬೇಡಿ. ಇನ್ನೆರಡು ವಾರ, ಬೆಳೆ ಆಗ್ಲಿ. ಆದ್ರೆ ಆಯ್ತು. ಹೋದ್ರೆ ಆವಾಗ ನೋಡಣ," ಎಂದರು.

ಒಂದು ವಾರದ ಹಿಂದೆ ಆಗಿದ್ದರೆ ಅದಕ್ಕೆ ತಲೆಯಾಡಿಸುತ್ತಿದ್ದೆ. "ನೀವು ಕಳಿಸ್ದೆ ಇದ್ರೆ ನಾನು ಬಸ್ಸಲ್ಲಿ ಹೋಗ್ತೀನಿ ಸಾರ್," ಎಂದೆ.

"ಹೋಗಿ ಏನ್ ಮಾಡ್ತೀರಾ? ನಿಮಗೆ ಕಣ್ಣು ಕಾಣಲ್ವಲ್ಲ!"

"ನಾನು ನೋಡ್ತೀನಿ," ಎಂದಳು ಜೊತೆಗಾತಿ. "ಅಕ್ಕ ಅರೀಲಿ, ನಾನು ನೋಡ್ತೀನಿ. ಆದ್ರೆ ಬಾಗಿಲಲ್ಲಿ ನಿಂತು ಯಾಕ್ ಬಂದ್ವಿ ಅಂತ ಹೇಳೋದು ಇವ್ರೇ. ನಾನು ಹೇಳಲ್ಲ."

ಯಜಮಾನರು ಬಹಳ ಹೊತ್ತು ಅಂಗಳದಲ್ಲಿ ಓಡಾಡಿ, ಕೊನೆಗೆ ವ್ಯಾನಿನ ಬೀಗದ ಕೈ ಮೇಜಿನ ಮೇಲೆ ಎಸೆದರು. ತಾವೇ ಓಡಿಸಿಕೊಂಡು ಬಂದರು.

ಎರಡು ದಿನ ತಿರುಗಿದೆವು. ಮೊದಲು ಚಿಂತಾಮಣಿ ಕಡೆಯ ಎರಡು ಮನೆ. ಬಾಗಿಲಲ್ಲಿ ನಿಂತು ನಾನು ಹೇಳಬೇಕಾದದ್ದನ್ನು ಎಷ್ಟು ಚಿಕ್ಕದಾಗಿ ಹೇಳಬಹುದೋ ಅಷ್ಟು ಚಿಕ್ಕದಾಗಿ ಹೇಳಿದೆ: ನಿಮಗೆ ಕೊಟ್ಟ ಮೊಟ್ಟೆಯನ್ನು ಎರಡು ಸಲ ನೋಡಬೇಕಿತ್ತು, ಒಂದೇ ಸಲ ನೋಡಿದೆ, ಅದೂ ಸರಿಯಾಗಿ ನೋಡಲಿಲ್ಲ, ಎರಡು ಸಲ ನೋಡಿದ ಹಾಗೆ ಬರೆದೆ. ಮೊದಲ ಮನೆಯ ಮುದುಕ ಅರ್ಥವಾಗದೆ, "ಪರವಾಗಿಲ್ಲಮ್ಮ, ಕಾಫಿ ಕುಡೀರಿ," ಎಂದ. ಎರಡನೆಯ ಮನೆಯವನು ಒಳಗೆ ಬಿಡಲು ಹತ್ತು ನಿಮಿಷ ಒಪ್ಪಲಿಲ್ಲ. ತಟ್ಟೆಗಳಲ್ಲಿ ಬೆಳವಣಿಗೆಯಲ್ಲಿ ಹಿಂದೆ ಬಿದ್ದ ಹುಳುಗಳನ್ನೇ ಹುಡುಕಿ, ಇಪ್ಪತ್ತಿಪ್ಪತ್ತು ಆರಿಸಿ, ನಾನು ಜಗುಲಿಯ ಮೇಲೆ ಅರೆದೆ. ಜೊತೆಗಾತಿ ಕಿಟಕಿಯ ಬೆಳಕಿನಲ್ಲಿ ನೋಡಿದಳು. ಒಂದೊಂದು ಪಟ್ಟಿಗೆ ಐದು ಜಾಗದ ಬದಲು ಹತ್ತು ಜಾಗ ನೋಡಿದಳು. ಎರಡೂ ಮನೆಯಲ್ಲಿ ಇರಲಿಲ್ಲ.

ಇಲ್ಲವೆಂದಾಗ ನನಗೆ ಸಮಾಧಾನವಾಗಬೇಕಿತ್ತು. ಆಯಿತು ಕೂಡ. ಅದರ ಬೆನ್ನಿಗೇ, ಹಾಗಾದರೆ ಆ ಮಿಂಚು ಕೊಬ್ಬಿನ ಹನಿಯೇ ಇರಬೇಕು, ಸುಮ್ಮನೆ ಮಾನ ಕಳೆದುಕೊಂಡೆನಲ್ಲ ಎಂಬ ಯೋಚನೆಯೂ ಬಂತು. ಆ ಯೋಚನೆಗೆ ನಾಚಿಕೆಯಾಯಿತು, ಆದರೆ ಅದು ಹೋಗಲಿಲ್ಲ.

ಮಾರನೆಯ ದಿನ ಗೌರಿಬಿದನೂರು ಕಡೆಗೆ. ವಿದುರಾಶ್ವತ್ಥದ ಹತ್ತಿರ ಒಂದು ತೋಟದ ಮನೆ, ಗಂಡಹೆಂಡತಿ ಇಬ್ಬರೂ ಸೊಪ್ಪು ಕೊಯ್ಯುತ್ತಿದ್ದರು. ಹುಳು ಚೆನ್ನಾಗಿ ಮೇಯುತ್ತಿದ್ದವು. ನಾಲ್ಕನೆಯ ಪಟ್ಟಿ ನೋಡುತ್ತ ಜೊತೆಗಾತಿ ತಿರುಪು ತಿರುಗಿಸುವುದನ್ನು ನಿಲ್ಲಿಸಿದಳು. "ಐತೆ," ಎಂದಳು. ಒಂದೇ ಒಂದು. ಹೊಸದಾಗಿ ಅರೆಯಲು ಹೇಳಿದಳು. ಅದರಲ್ಲಿ ಮೂರು.

ಹೆಂಡತಿ ಕೊಯ್ದ ಸೊಪ್ಪಿನ ಹೊರೆಯನ್ನು ನೆಲಕ್ಕೆ ಹಾಕಿದಳು. ಗಂಡ, "ಈಗ್ಲೇ ಗೊತ್ತಾಗಿದ್ದು ಒಳ್ಳೇದಾಯ್ತು. ಆದ್ರೆ ನಿಮ್ಮನ್ನ ನೋಡಿದ್ರೆ ಕೋಪ ಬರ್ತೈತೆ ಕಣಮ್ಮ. ಸ್ವಲ್ಪ ಹೊರಗಡೆ ನಿಂತ್ಕೊಳಿ," ಎಂದ. ನಿಂತುಕೊಂಡೆ. ಅವರು ಗುಂಡಿ ತೋಡಿದರು, ತಟ್ಟೆಗಳನ್ನು ಬರಿದುಮಾಡಿದರು, ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಸುರಿದರು. ಹೊಸ ಮೊಟ್ಟೆ ತಾವೇ ತಂದುಕೊಡುತ್ತೇವೆಂದು ಯಜಮಾನರು ಹೇಳಿದ್ದು ಕೇಳಿಸಿತು. ನಾಲ್ಕನೆಯ ಮನೆಯಲ್ಲಿ ಹುಳು ಆಗಲೇ ದೊಡ್ಡದಾಗಿದ್ದವು, ರೋಗವಿರಲಿಲ್ಲ.

ಕೊನೆಗೆ ಡಬ್ಬದಲ್ಲಿ ಹುಳು ತಂದಿದ್ದ ಹೆಣ್ಣುಮಗಳ ಮನೆಗೆ ಹೋದೆ. ಅಲ್ಲಿಗೆ ನಾನೊಬ್ಬಳೇ ಹೋದೆ. ಅವಳು ಬರಿದಾದ ಹುಳುವಿನ ಮನೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದಳು. ನಾನು ಹೇಳುವುದನ್ನು ಕುಂಚ ಕೈಯಲ್ಲೇ ಹಿಡಿದು ಕೇಳಿದಳು.

"ಹೋದ ಬೆಳೇಲೂ ನಮ್ಮನೇಲಿ ಒಂದಷ್ಟು ಹುಳ ಹಿಂಗೇ ಸಣ್ಣಗಿದ್ವು," ಎಂದಳು. "ಬಿಸಾಕ್ಬಿಟ್ಟೆ. ಯಾರಿಗೂ ಹೇಳ್ಲಿಲ್ಲ. ಮನೇನೂ ಅವಸರದಲ್ಲಿ ತೊಳ್ದೆ. ನಿಮ್ದೋ ನಮ್ದೋ ಯಾರಿಗೆ ಗೊತ್ತು?"

ನನ್ನ ಎದೆಯ ಮೇಲಿಂದ ಏನೋ ಇಳಿಯತೊಡಗಿತು. ಅಷ್ಟರಲ್ಲಿ ಅವಳೇ, "ಆದ್ರೂ ಇನ್ಮೇಲೆ ನಿಮ್ಮ ಕೋಠಿ ಮೊಟ್ಟೆ ನಾನು ತಗೊಳ್ಳಲ್ಲಮ್ಮ. ಬೇಜಾರ್ ಮಾಡ್ಕೋಬೇಡಿ," ಎಂದು ಗೋಡೆಯ ಕಡೆ ತಿರುಗಿದಳು.

ಮುಂದಿನ ತಿಂಗಳು ಕಣ್ಣಿನ ಪೊರೆಯ ಆಪರೇಷನ್ ಆಯಿತು. ಪೊರೆ ಬಂದ ಕಣ್ಣಿಗೆ ಬೆಳಕು ಚೆದುರಿ ಇಲ್ಲದ ಮಿಂಚು ಕಾಣುವುದುಂಟು ಎಂದರು ಡಾಕ್ಟರು. ಕೋಠಿಯಲ್ಲಿ ಕಲಿಯುವವರಿಗೆಂದು ಇಟ್ಟಿರುವ ರೋಗದ ಪಟ್ಟಿಯನ್ನು ಹೊಸ ಕಣ್ಣಿನಿಂದ ನೋಡಿದೆ. ಅವತ್ತು ಕಂಡದ್ದು ಇದೇ ಅನ್ನಿಸಿತು. ಮಾರನೆಯ ದಿನ ಮತ್ತೆ ನೋಡಿದಾಗ, ಇದಲ್ಲ ಅನ್ನಿಸಿತು. ಮೂರನೆಯ ದಿನ ನೋಡಲಿಲ್ಲ.

ಯಜಮಾನರು ನನ್ನನ್ನು ತೆಗೆಯಲಿಲ್ಲ, ಆದರೆ ಸ್ಟೂಲಿನಿಂದ ಎಬ್ಬಿಸಿದರು. ಈಗ ಹಾಳೆಗಳನ್ನು ಔಷಧಿ ನೀರಿನಲ್ಲಿ ತೊಳೆದು ಒಣಗಿಸುವುದು ನನ್ನ ಕೆಲಸ. ಜೊತೆಗಾತಿ ಕೆಲಸಕ್ಕೆ ಬೇಕಾದಷ್ಟು ಮಾತಾಡುತ್ತಾಳೆ. 'ಅಕ್ಕಾ' ಎಂದು ಕರೆಯುತ್ತಾಳೆ. ಊಟಕ್ಕೆ ಮಾತ್ರ ಬೇರೆ ಕಡೆ ಕೂರುತ್ತಾಳೆ.

ಅಯ್ಯನವರು ಪ್ರಾರ್ಥನೆ ಮಾಡಿದರು. ನಾನು ನಿರೀಕ್ಷಿಸಿದಷ್ಟು ಹಗುರವಾಗಲಿಲ್ಲ.

ಕೆಲವು ವಾರಗಳ ಮೇಲೆ ಮಹಿಳೆಯರ ಕೂಟದವರು, ಸತ್ಯವಾಗಿ ನಡೆದುಕೊಳ್ಳುವ ವಿಷಯದಲ್ಲಿ ಯಾರಾದರೂ ಸಾಕ್ಷಿ ಹೇಳಬೇಕೆಂದರು. ನಮ್ಮಲ್ಲಿ ಸಾಕ್ಷಿ ಎಂದರೆ ಅದಕ್ಕೊಂದು ದಾರಿ ಇದೆ: ಬಿದ್ದೆ, ಅತ್ತೆ, ದೇವರು ಎತ್ತಿದ, ಈಗ ಸಂತೋಷವಾಗಿದ್ದೇನೆ. ಎದ್ದು ನಿಂತು, ಇಲ್ಲಿ ಬರೆದದ್ದನ್ನೇ ಇನ್ನೂ ಚಿಕ್ಕದಾಗಿ ಹೇಳಿದೆ. ಹೇಳಿ ಮುಗಿಸಿದಾಗ ಅಧ್ಯಕ್ಷೆ ಪ್ರೀತಿಯಿಂದ ಕೇಳಿದರು: "ಕೊನೆಗೆ ರೋಗ ಎಲ್ಲಿಂದ ಬಂತು ಅಂತ ಗೊತ್ತಾಯ್ತೇನಮ್ಮ?"

"ಇಲ್ಲ," ಎಂದೆ.

"ಈಗ ಮನಸ್ಸಿಗೆ ಸಮಾಧಾನ ಇದೆ ಅಲ್ವಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಹೌದು ಎಂದುಬಿಟ್ಟರೆ ಕೂಟ ಮುಂದಿನ ಹಾಡಿಗೆ ಹೋಗಬಹುದಿತ್ತು. ಯಾರಿಗೂ ನೋವಾಗದ, ಎಲ್ಲರಿಗೂ ಬೇಕಾಗಿದ್ದ ಒಂದು ಮಾತು.

"ಅಷ್ಟಾಗಿ ಇಲ್ಲ," ಎಂದು ಹೇಳಿ ಕೂತುಕೊಂಡೆ.